ಮೂರು ಹನಿ ಬಾವಿನೀರು

"ದರಿದ್ರ ಮುಂಡೆ, ನಿನ್ನ ಕೈ ತಾಗಿದ್ದಕ್ಕೇ ನಲವತ್ತು ಸೀಸೆಗೂ ಬೂಷ್ಟು ಬಂತು. ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಪ್ರಭಾಕರರಾಯರ ಬೈಗುಳ ಸುಭದ್ರಾಬಾಯಿಗೆ ಹೊಸದಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾದ ಮೇಲೆ ಮೈಸೂರಿನ ಕಡೆಯಿಂದ ಇಲ್ಲಿನ ಸರಕಾರಿ ಪ್ರಯೋಗಶಾಲೆಗೆ ಬಂದ ಸಾಹೇಬರು ಅವರು. ಆರ್ಕಿಡ್ ಗಿಡದ ಎಳೆ ತುದಿಯನ್ನು ಕಾಳಿನಷ್ಟು ಕತ್ತರಿಸಿ, ಸೀಸೆಯೊಳಗಿನ ಗಟ್ಟಿ ಗಂಜಿಯ ಮೇಲೆ ಕೂಡಿಸಿ, ಒಂದು ಗಿಡದಿಂದ ನೂರು ಸಸಿ ಎಬ್ಬಿಸುವುದು ಅವರ ಕೆಲಸ. ಸೀಸೆ ತಿಕ್ಕುವುದು, ಗಂಜಿ ತುಂಬುವುದು, ಸೀಸೆಯ ಬಾಯಿಗೆ ಅರಳೆ ಬಿಗಿದು, ಬೂಷ್ಟು ಬರದಂತೆ ಹಂಡೆಯಷ್ಟು ದೊಡ್ಡ ಕುಕ್ಕರಿನಲ್ಲಿ ಬೇಯಿಸುವುದು ಇವಳ ಕೆಲಸ. ಮುಟ್ಟದೆ ತಿಕ್ಕುವುದು ಹ್ಯಾಂಗ ಅಂತ ಆ ಪುಣ್ಯಾತ್ಮ ಒಂದು ದಿನವೂ ಹೇಳಿಕೊಡಲಿಲ್ಲ.

ಬೆಂಗಳೂರಿನ ದೊಡ್ಡ ಸಾಹೇಬರು ಬರಲಿ, ನಿನ್ನ ನೌಕರಿ ತೆಗೆಸುತ್ತೇನೆ ಅಂದರು ರಾಯರು. ಗಂಡ ಸತ್ತ ಮೇಲೆ ತನ್ನೂರು ಭಾತಂಬ್ರಾದ ಗೌಡರ ಕೊಟ್ಟಿಗೆಯ ಸಗಣಿ ಬಾಚುವುದು ಬಿಟ್ಟು ಬಂದು, ಬೀದರದ ಚಿದ್ರಿಯಲ್ಲಿ ಬಾಡಿಗೆ ಮನೆ ಹಿಡಿದವಳು ಅವಳು. ಮತ್ತೆ ಆ ಕೊಟ್ಟಿಗೆಗೆ ಹೋಗುವುದಕ್ಕಿಂತ ಸಾಯುವುದು ವಾಸಿ.

ಆದರೆ ಅಷ್ಟು ಹೊತ್ತು ಬೆಂದದ್ದು ಕೆಡುವುದು ಹೇಗೆ? ಸಂಶಯ ಒಳಗೇ ಕೊರೆಯಿತು. ಮರುದಿನ ಬೆಂದ ಸೀಸೆ ಒಪ್ಪಿಸಿ, ಕಿಟಕಿಯ ಸಂದಿಗೆ ಕಣ್ಣಿಟ್ಟಳು. ರಾಯರು ಒಂದೊಂದೇ ಸೀಸೆಯ ಅರಳೆ ಕಿತ್ತು, ಮಂತ್ರ ಗೊಣಗುತ್ತ, ಬೆಳ್ಳಿ ಪಂಚಪಾತ್ರೆಯಿಂದ ಮೂರು ಹನಿ ಬಾವಿನೀರು ಬಿಟ್ಟು, ಆಮೇಲೆ ಗಿಡದ ತುದಿ ಇಡುತ್ತಿದ್ದರು. ಇವಳು ಮುಟ್ಟಿದ ಮೈಲಿಗೆ ತೊಳೆಯುವ ಬಗೆ ಅದು.

ಭಾಡ್ಯಾ, ಅಂತ ಬೈದಳು ಮನಸ್ಸಿನಲ್ಲೇ.

ಮುಂದಿನ ಸಲ ಎರಡು ಸೀಸೆ ಕೊಡದೆ ಹಿಂದಿನ ಗೂಡಿನಲ್ಲಿ ಮುಚ್ಚಿಟ್ಟಳು. ಹತ್ತು ದಿನಕ್ಕೆ ರಾಯರ ಸೀಸೆಗಳ ತುಂಬ ಬೂದಿಬಣ್ಣದ ಬೂಷ್ಟು. ಗೂಡಿನ ಎರಡೂ ತಿಳಿಯಾಗಿದ್ದವು.

ದೊಡ್ಡ ಸಾಹೇಬರು ಬಂದರು. ರಾಯರು ಇವಳತ್ತ ಬೆರಳು ಮಾಡಿ, ಎಲ್ಲ ಕೆಡಿಸಿದವಳು ಇವಳೇ ಅಂದರು. ಸುಭದ್ರಾಬಾಯಿ ಎರಡು ಸೀಸೆ ತಂದು ಮೇಜಿನ ಮೇಲಿಟ್ಟಳು.

"ಇವಕ್ಕ ಬರೇ ನನ್ನ ಕೈ ತಾಗ್ಯಾದ ರೀ. ಕೆಟ್ಟಿದ್ವಕ್ಕ ರಾಯರ ನೀರ ಬಿದ್ದದ. ನೀವೇ ನೋಡ್ರಿ."

ದೊಡ್ಡ ಸಾಹೇಬರು ಸೀಸೆ ಬೆಳಕಿಗೆ ಹಿಡಿದರು, ಪಂಚಪಾತ್ರೆಯನ್ನೂ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಆದರೂ ರಾಯರನ್ನು ಬಿಟ್ಟುಕೊಡದೆ ಸೀಸೆ ಕೆಳಗಿಟ್ಟು, "ರಾಯರೇ, ನಾಳೆಯಿಂದ ಇವಳ ಜಾಗಕ್ಕೆ ಬೇರೆ ಆಳು ನೋಡಿ," ಅಂದರು.

ಸುಭದ್ರಾಬಾಯಿ ಬರಿಗೈಯಿಂದ ಪಂಚಪಾತ್ರೆ ಎತ್ತಿ, ನೀರು ನೆಲಕ್ಕೆ ಚೆಲ್ಲಿ, ಕುಕ್ಕರಿನೊಳಗೆ ಇಟ್ಟು ಮುಚ್ಚಳ ಬಿಗಿದಳು. ರಾಯರು ಚೀರುತ್ತ ಓಡಿ ಬಂದರು. ಅವಳು ಮುಟ್ಟಿದ ಮುಚ್ಚಳದ ಹತ್ತಿರ ಬಂದು ಅವರ ಕೈ ಅಲ್ಲೇ ನಿಂತಿತು.

"ಇದೂ ಒಂದ ತಾಸ ಬೇಯ್ಲಿ ರೀ. ಹೊಲಸ ಹೋಗ್ತಾದ," ಅಂದು ಅವಳು ಉರಿ ದೊಡ್ಡದು ಮಾಡಿ ಒಲೆಯ ಮುಂದೆ ಕೂತಳು.