ಪೂಜೆಗೆ ಮುಂಚಿನ ನೀರು

ಹತ್ತಿಕಟ್ಟಿಗೆಯ ಹೊಗೆ, ಒದ್ದೆ ವಿಭೂತಿ, ಕುದಿಯುವ ಬೆಲ್ಲದ ಚಹಾ. ಇವು ಕೂಡಿದ ವಾಸನೆಯೇ ನನ್ನ ಬಾಲ್ಯದ ಬೆಳಗು. ಲಿಂಗಪೂಜೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಹನಿ ನೀರು ಕುಡಿಯುವಂತಿರಲಿಲ್ಲ. ಮುಗಿದ ಕೂಡಲೇ ಎಡೆಯ ಹಾಲು ಕುಡಿಯಲೇಬೇಕಿತ್ತು. ನನಗೆ ಜ್ವರ ಬಂದಾಗ ಮಾತ್ರ ಅಜ್ಜಿ ಸೆರಗಿನ ಮರೆಯಲ್ಲಿ ಒಂದು ಗುಟುಕು ನೀರು ಕುಡಿಸುತ್ತಿದ್ದಳು.

ಬಸವನ ಬಾಗೇವಾಡಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ, ತೊಂಬತ್ತೆಂಟನೇ ಇಸವಿಯಲ್ಲಿ, ಇಂಡಿ ಊರಿನಲ್ಲಿದ್ದ ನನ್ನ ತಮ್ಮ ಶ್ರೀಶೈಲಪ್ಪನ ಮನೆಗೆ ಬಂದೆ. ನಿಯಮ ಹಾಗೆಯೇ ಇತ್ತು. ಅದನ್ನು ಕಾಯುತ್ತಿದ್ದವಳು ಅವನ ಹೆಂಡತಿ ಚನ್ನವ್ವ. ತಮ್ಮನಿಗೆ ತನ್ನ ಲಿಂಬೆ ತೋಟ ಬಿಟ್ಟರೆ ಬೇರೆ ಮಾತಿರಲಿಲ್ಲ.

ಅವರ ಸೊಸೆ ಭುವನೇಶ್ವರಿಯ ತವರು ಆಲಮಟ್ಟಿ. ಮುಖ ಊದಿರುತ್ತಿತ್ತು. ಬೇಸಿಗೆಯಲ್ಲೂ ಚಳಿಯೆಂದು ಸೆರಗು ಹೊದೆಯುತ್ತಿದ್ದಳು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆಗೆ ಒರಗುತ್ತಿದ್ದಳು. ಎರಡು ಬಸಿರೂ ನಿಂತಿರಲಿಲ್ಲ.

“ನೋಡ್ರಿ ಅಕ್ಕಾ, ಎಮ್ಮಿ ಕುಂತಂಗ ಕುಂತಾಳ,” ಎನ್ನುತ್ತಿದ್ದಳು ಚನ್ನವ್ವ. “ಎಮ್ಮಿಯಾಗಿದ್ರ ಹಾಲರ ಕೊಡ್ತಿತ್ತು.”

ಸೋಲಾಪುರದ ಡಾಕ್ಟರಬಾಯಿ ಥೈರಾಯ್ಡ್ ಕಡಿಮೆಯಾಗಿದೆಯೆಂದು ಗುಳಿಗೆ ಕೊಟ್ಟು ವರ್ಷವಾಗಿತ್ತು, ಗುಣ ಕಾಣಲಿಲ್ಲ. ಚನ್ನವ್ವ ಮಗ ಸಿದ್ದಲಿಂಗನಿಗೆಂದು ಸಿಂದಗಿಯಲ್ಲಿ ಇನ್ನೊಂದು ಹೆಣ್ಣು ನೋಡಿ ಬಂದಳು. ಅವನು ಬೇಡವೆನ್ನಲಿಲ್ಲ.

“ಮುಂದಿನ ರಕ್ತದ ರಿಪೋರ್ಟ್ ಚಲೋ ಬರಲಿಲ್ಲಂದ್ರ ನಿನ್ನ ಟ್ರಂಕು ಆಲಮಟ್ಟಿ ಬಸ್ಸಿನ ಮ್ಯಾಲ, ತಿಳೀತ?”

“ತಿಳೀತ್ರಿ ಅತ್ತಿ,” ಎಂದಳು ಭುವನೇಶ್ವರಿ.

ಆ ಸಲ ಅತ್ತೆ ಸೊಸೆಯರ ಜೊತೆ ನಾನೂ ಸೋಲಾಪುರಕ್ಕೆ ಹೋದೆ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಹುಡುಗಿಯ ಮುಖ ನೋಡಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು.

“ಎರಡು ಸಲ ಡೋಸ್ ಏರಿಸೀನಿ. ಖಾಲಿ ಹೊಟ್ಟಿಲೆ ತೊಗೋತಿ ಹೌದಿಲ್ಲೋ?” ಎಂದು ಕೇಳಿದರು ಡಾಕ್ಟರಬಾಯಿ.

“ಹೌದ್ರಿ,” ಎಂದಳು ಚನ್ನವ್ವ.

“ಅಕಿ ಹೇಳ್ಲಿ.”

“ಪೂಜಿ ಆದಮ್ಯಾಲ ಎಡಿ ಹಾಲು ಕುಡಿದು, ಚಹಾದ ಜೋಡಿ ನುಂಗತೇನ್ರಿ,” ಎಂದಳು ಭುವನೇಶ್ವರಿ.

“ಅದು ಖಾಲಿ ಹೊಟ್ಟಿ ಹೆಂಗಾತು?”

“ಹಾಲು, ಚಹಾ ಊಟ ಏನ್ರಿ?” ಚನ್ನವ್ವ ನಕ್ಕಳು. “ರಕ್ತದ ಗುಳಿಗಿನೂ ಕೂಡೇ ನುಂಗಸ್ತೇನಿ. ದಿನಕ್ಕ ಎರಡೆರಡು ಸಲ ಯಾರು ನೆಪ್ಪಿಡಬೇಕ್ರಿ?”

ಡಾಕ್ಟರಬಾಯಿ ತಾಳ್ಮೆಯಿಂದ ಹೇಳಿದರು. ಥೈರಾಯ್ಡ್ ಗುಳಿಗೆಯನ್ನು ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಒಂದು ತಾಸು ಹಾಲು, ಚಹಾ, ತಿಂಡಿ ಏನೂ ಬೇಡ. ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆ ನಾಲ್ಕು ತಾಸು ಬಿಟ್ಟೇ. ಇವು ಕೂಡಿದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ. ಕೇಳದೆ ಬಿಡುವುದಾಗಲಿ, ಹೆಚ್ಚು ಕಡಿಮೆ ಮಾಡುವುದಾಗಲಿ ಕೂಡದು. ಪೂಜೆಯ ತೊಡಕು ಕೇಳಿ, “ಹಂಗಾರ ರಾತ್ರಿ ಮಲಗೂಮುಂದ ತೊಗೊ. ಉಂಡು ಮೂರು ತಾಸು ಆಗಿರಬೇಕು,” ಎಂದರು.

ಹೊರಗೆ ಬಂದ ಕೂಡಲೇ ಚನ್ನವ್ವ ಸೊಸೆಯತ್ತ ತಿರುಗಿದಳು. “ಮಾವ, ಗಂಡ ಉಣ್ಣೂಕಿಂತ ಮೊದಲ ಉಂಡು ಹೊಟ್ಟಿ ಸವರ್ಕೋತ ಕೂಡ್ತಿಯೇನು? ನಮ್ಮ ಮನಿತನದಾಗ ನಡಿಯಂಗಿಲ್ಲ.”

“ಹಂಗಾದ್ರ ಮುಂಜಾನೆ ಔಷಧಕ್ಕ ಒಂದು ಗುಟುಕು ನೀರು ಕುಡೀಲಿ ಬಿಡವಾ,” ಎಂದೆ.

“ಸಾಲಿ ಬುದ್ಧಿ ಬಾಗೇವಾಡ್ಯಾಗ ಬಿಟ್ಟು ಬರಬೇಕಿತ್ರಿ ಅಕ್ಕಾ. ನಮ್ಮ ಮನ್ಯಾಗ ಉಣ್ಣಾಕತ್ತೀರಿ, ಉಂಡು ಸುಮ್ಮನಿರ್ರಿ.”

ಗಂಡಸರು ಉಂಡೇಳುವಾಗ ಬಹಳ ಹೊತ್ತಾಗುತ್ತಿತ್ತು. ಆಮೇಲೆ ಉಂಡು ಮೂರು ತಾಸು ಕಾದರೆ ನಿದ್ದೆಯೇ ಇಲ್ಲ. ಭುವನೇಶ್ವರಿ ರಾತ್ರಿಯ ಊಟವನ್ನೇ ಬಿಟ್ಟಳು. ಎಲ್ಲರಿಗೂ ಬಡಿಸಿ, ಪಾತ್ರೆ ತಿಕ್ಕಿ, ಬರೀ ನೀರಿನಲ್ಲಿ ಗುಳಿಗೆ ನುಂಗಿ ಮಲಗುತ್ತಿದ್ದಳು. ಅವಳ ಪಾಲಿನ ರೊಟ್ಟಿಯನ್ನು ಚನ್ನವ್ವ ಅವಳ ಕಣ್ಣೆದುರೇ ದನದ ಗ್ವಾದಲಿಗೆ ಎಸೆಯುತ್ತಿದ್ದಳು.

ಒಂದು ಸಂಜೆ ನಾನು ಅವಳಿಗೆಂದು ತಾಟಿಗೆ ರೊಟ್ಟಿ ಹಾಕಿದೆ. ಚನ್ನವ್ವ ಕಸಿದುಕೊಂಡಳು. “ಗಂಡಸರು ಉಣ್ಣೂದಕ್ಕ ಮೊದಲ ಅಡಿಗಿ ಎಂಜಲ ಮಾಡಬ್ಯಾಡ್ರಿ.” ಸಿದ್ದಲಿಂಗ ಪೇಪರಿನಿಂದ ಕಣ್ಣೆತ್ತಲಿಲ್ಲ.

ಎರಡು ತಿಂಗಳ ಮೇಲೆ ರಿಪೋರ್ಟ್ ಚೆನ್ನಾಗಿ ಬಂತು. ಏರಿಸಿದ ಡೋಸ್ ಈಗ ಹೆಚ್ಚಾಗುತ್ತದೆಂದು ಡಾಕ್ಟರಬಾಯಿ ಅದನ್ನು ಇಳಿಸಿದರು. ಮುಖದ ಬಾವು ಇಳಿದು ಹುಡುಗಿ ಚೆಲುವೆಯಾಗಿ ಕಂಡಳು. ಸಿಂದಗಿಯ ಮಾತು ನಿಂತಿತು.

ಚನ್ನವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. “ಉಪವಾಸ ಕೆಡವಿದೆ ನೋಡ್ರಿ, ಕೊಬ್ಬು ಕರಗಿ ರೋಗ ಹೋತು.” ಮನೆಗೆ ಬಂದು ಸೊಸೆಗೆ, “ಇನ್ನ ಸಾಯೂತನ ರಾತ್ರಿ ಊಟ ಇಲ್ಲ ನಿನಗ,” ಎಂದಳು.

ಅಂದು ಸಂಜೆ, ಇನ್ನೂ ಬೆಳಕಿತ್ತು, ರೊಟ್ಟಿ ಬಡಿಯುತ್ತಿದ್ದ ಭುವನೇಶ್ವರಿ ಒಲೆಯ ಪಕ್ಕಕ್ಕೆ ಕುಸಿದಳು. ನಾನು ಓಡಿ ಹೋಗಿ ಎತ್ತಿ ಕೂಡಿಸಿದೆ.

“ನಾಟಕ ನೋಡ್ರಿ, ಕಂಪನಿ ನಾಟಕ!” ಎಂದಳು ಚನ್ನವ್ವ.

ಶ್ರೀಶೈಲಪ್ಪ ತೋಟದಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಕೈಕಾಲು ತೊಳೆದುಕೊಂಡು ಮಣೆಯ ಮೇಲೆ ಕುಳಿತ. “ನೀಡು,” ಎಂದ.

“ಇಷ್ಟು ಲಗೂನ?” ಎನ್ನುತ್ತಲೇ ಚನ್ನವ್ವ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದಳು.

ಅವನು ತುತ್ತು ಮುರಿಯಲಿಲ್ಲ. ತಾಟು ಎತ್ತಿಕೊಂಡು ಒಲೆಯ ಹತ್ತಿರ ಹೋಗಿ ಸೊಸೆಯ ಕೈಗೆ ಕೊಟ್ಟ. ಮಾವನ ಎದುರು ಉಣ್ಣಲು ಅವಳು ನಾಚದಿರಲೆಂದು, ಬೆನ್ನು ತಿರುಗಿಸಿ ಹೊಸ್ತಿಲ ಮೇಲೆ ಕುಳಿತುಕೊಂಡ.