ಎರವಲು ಎತ್ತರ

ಅಪ್ಪನ ಜಾಗಕ್ಕೆ ಚಾಗೊ ಒಬ್ಬ ಎತ್ತರದವನನ್ನು ಕರೆತಂದ.

ನಾವಿನ್ನೂ ಬೆಳಗಿನ ಕಾಫಿ ಕುಡಿಯುತ್ತಿದ್ದೆವು. ಬಂದವನು ಸೆಕುಂದಿನೊ, ಸಕ್ಕರೆ ಗಿರಣಿಯ ಹಿಂದಿನ ಓಣಿಯಲ್ಲಿ ಫ್ರಿಜ್ ರಿಪೇರಿ ಮಾಡುವವನು. ಆರಡಿ ಮೂರಿಂಚು. ಮೈತುಂಬ ಸೆಂಟು. ಒಳಗೆ ಕಾಲಿಡುವಾಗ ಹಣೆ ಬಾಗಿಲ ಮೇಲ್ಪಟ್ಟಿಗೆ ಬಡಿಯಿತು. ಅಲ್ಲಿ ಎಷ್ಟೋ ವರ್ಷದ ಹಿಂದೆ ಹಳೇ ಟೈರಿನ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದರಿಂದ ಪೆಟ್ಟಾಗಲಿಲ್ಲ.

“ಎತ್ತರದವರ ಕಷ್ಟ ಗೊತ್ತಿರೋ ಮನೆ,” ಅಂದ ಹಣೆ ಉಜ್ಜಿಕೊಳ್ಳುತ್ತ.

“ಇವನ್ಯಾಕೆ ಬಂದ?” ಅಪ್ಪ ಚಾಗೊನನ್ನು ಕೇಳಿದ.

ಚಾಗೊ ನನ್ನ ತಮ್ಮ ಯೊಹಾಂದ್ರಿಯ ತರಬೇತುದಾರ. ಚಿಕ್ಕವನಿದ್ದಾಗಿನಿಂದ ಅವನಿಗೆ ಬೇಸ್‌ಬಾಲ್ ಕಲಿಸಿದವನು. ಹುಡುಗ ಅಮೆರಿಕದ ಕ್ಲಬ್ಬಿಗೆ ಸಹಿ ಹಾಕಿದರೆ ಅವನಿಗೂ ಪಾಲು. ಅವತ್ತು ಅಂಥ ಒಂದು ಕ್ಲಬ್ಬಿಗಾಗಿ ಆಟಗಾರರನ್ನು ಆರಿಸುವ, ಎಲ್ಲರೂ ಗೌರವದಿಂದ ‘ದೋನ್’ ಎಂದು ಕರೆಯುವ ಎವಾರಿಸ್ತೊ ಬರುವವರಿದ್ದರು. ಮೊದಲು ಮೈದಾನದಲ್ಲಿ ಪರೀಕ್ಷೆ, ಆಮೇಲೆ ನಮ್ಮಲ್ಲಿ ಊಟ.

“ಎಲಿಹಿಯೊ, ಕೋಪ ಮಾಡ್ಕೋಬೇಡ,” ಚಾಗೊ ಕುರ್ಚಿ ಎಳೆದು ಕೂತ. “ಅವರು ಊಟಕ್ಕೆ ಬರೋದು ಊಟಕ್ಕಲ್ಲ. ಹುಡುಗ ಮುಂದೆ ಎಷ್ಟು ಬೆಳೀತಾನೆ ಅಂತ ಅಪ್ಪ ಅಮ್ಮನ್ನ ನೋಡಿ ಲೆಕ್ಕ ಹಾಕ್ತಾರೆ. ಹೋದ ವರ್ಷ ನಮ್ಮ ಚೆಂಡೆಸೆಯೋ ಹುಡುಗನ ಅಮ್ಮನ್ನ ನೋಡಿದ್ಯಲ್ಲ, ಲೈಟು ಕಂಬ! ಆಯಮ್ಮ ಬಾಗಿಲಿಗೆ ಬಂದು ನಿಂತಿದ್ದೇ ತಡ, ಪೆನ್ನು ತೆಗೆದ್ರು.”

“ನಾನಿದ್ದೀನಲ್ಲ.”

“ನೀನಿದ್ದೀಯ. ಅದೇ ತೊಂದರೆ.”

ಅಮ್ಮ ಜೋರಾಗಿ ನಕ್ಕಳು. “ನನ್ನನ್ನ ಒಂದು ಮಾತು ಕೇಳ್ದೆ ಗಂಡನ್ನ ಬದಲಾಯಿಸ್ತಿದೀರಲ್ಲ! ಇವನು ಗೊರಕೆ ಹೊಡೀತಾನಾ?” ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

ಅಪ್ಪ ಐದಡಿ ಐದಿಂಚು. ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಊರಲ್ಲಿ ಬಿಟ್ಟುಬರುವುದು ಅವನ ಕೆಲಸ. ಅವತ್ತಿಗೆಂದು ಕೆಲಸಕ್ಕೆ ರಜೆ ಹಾಕಿ, ಹಿಂದಿನ ಸಂಜೆಯೇ ತನ್ನ ನೀಲಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದ. ಈಗ ಅದೇ ಅಂಗಿಯಲ್ಲಿ ಕೂತಿದ್ದ.

ಯೊಹಾಂದ್ರಿ ಬೂಟು ಹಾಕಿಕೊಂಡು ಹೊರಬಂದ. ಅಪ್ಪ ಮಾತು ಬಿಟ್ಟು ಬಗ್ಗಿ, ಯಾವಾಗಲೂ ಮಾಡುವ ಹಾಗೆ, ಕಾಲು ಬೆಳೆದಿದೆಯೇ ಎಂದು ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಬಿಗಿ ಆಗಿದ್ಯಾ?”

“ಇಲ್ಲಪ್ಪ.”

“ಸರಿ,” ಅಂದ ಅಪ್ಪ ನೆಲ ನೋಡುತ್ತ. ಅದು ತಮ್ಮನಿಗೆ ಹೇಳಿದ್ದೋ ಚಾಗೊನಿಗೋ ನನಗೆ ಗೊತ್ತಾಗಲಿಲ್ಲ. ಚಾಗೊ ತನಗೇ ಎಂದುಕೊಂಡ.

ಮೈದಾನದಲ್ಲಿ ನಾನು ಬೇಲಿ ಹಿಡಿದು ನಿಂತಿದ್ದೆ. ದೋನ್ ಎವಾರಿಸ್ತೊ ಸಣ್ಣ ಹೊಟ್ಟೆಯ, ಕಡಿಮೆ ಮಾತಿನ ಮನುಷ್ಯ. ಕೊರಳಲ್ಲಿ ಸ್ಟಾಪ್‌ವಾಚು. ಮೊದಲು ಓಡಿಸಿದರು, ವಾಚು ಒತ್ತಿದರು, ಬರೆದುಕೊಂಡರು. ಬ್ಯಾಟು ಕೊಟ್ಟರು. ನನ್ನ ತಮ್ಮ ಚೆಂಡನ್ನು ಗೆರೆ ಎಳೆದ ಹಾಗೆ ನೇರ ಹೊಡೆಯುತ್ತಾನೆ, ಆದರೆ ಬೇಲಿ ದಾಟಿಸುವುದು ಕಡಿಮೆ. ಅದನ್ನೂ ಬರೆದುಕೊಂಡರು. ಕೊನೆಗೆ ಅವನ ಜಾಗದಲ್ಲಿ ನಿಲ್ಲಿಸಿದರು. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ, ಎಲ್ಲಕ್ಕಿಂತ ಹೆಚ್ಚು ಚೆಂಡು ಉರುಳಿ ಬರುವ ಕಡೆ: ಶಾರ್ಟ್‌ಸ್ಟಾಪ್.

ನೆಲ ತುಂಬ ಕಲ್ಲು. ಚೆಂಡು ಕೊನೇ ಕ್ಷಣದಲ್ಲಿ ಎಲ್ಲಿ ಪುಟಿಯುತ್ತದೋ ಹೇಳುವಂತಿಲ್ಲ. ಯೊಹಾಂದ್ರಿ ಅದಕ್ಕೆ ಕಾಯುವುದಿಲ್ಲ. ಕೆಳಕ್ಕೆ ಬಾಗಿ, ಪುಟಿಯುವ ಮೊದಲೇ ಅದರ ಹತ್ತಿರ ಹೋಗಿ, ಮೊಟ್ಟೆ ಎತ್ತಿದಷ್ಟು ಮೆತ್ತಗೆ ಎತ್ತಿ, ಎಸೆದುಬಿಡುತ್ತಾನೆ. ದೋನ್ ಎವಾರಿಸ್ತೊ ಒಂದಷ್ಟು ಚೆಂಡಾದ ಮೇಲೆ ವಾಚು ಒತ್ತುವುದನ್ನೇ ಬಿಟ್ಟು ಸುಮ್ಮನೆ ನೋಡುತ್ತ ನಿಂತರು. ಚಾಗೊ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

ಆಚೆ ಬದಿಯಲ್ಲಿ ಬೈಕಿನವರ ಗುಂಪು ನಿಂತಿತ್ತು. ಅವರ ಹಿಂದೆ ಒಂದು ನೀಲಿ ಅಂಗಿ. ಕೊನೇ ಚೆಂಡು ಎಸೆದದ್ದೇ ಅದು ಹೊರಟುಹೋಯಿತು.

ಅಮ್ಮ ಅನ್ನ, ಕೆಂಪು ಬೀನ್ಸು, ಕೋಳಿ ಸಾರು, ಕರಿದ ಬಾಳೆಕಾಯಿ ಮಾಡಿದ್ದಳು. ಸೆಕುಂದಿನೊ ಅಪ್ಪನ ಕುರ್ಚಿಯಲ್ಲಿ ಕೂತು ಮೊಣಕಾಲನ್ನು ಎಲ್ಲಿಡುವುದು ತಿಳಿಯದೆ ಒದ್ದಾಡುತ್ತಿದ್ದ. ದೋನ್ ಎವಾರಿಸ್ತೊ ಬಂದಾಗ ಎದ್ದು ಕೈಕುಲುಕಿ, ನೀರು ತರಲು ಹೊರಗೆ ಹೋಗಿ ಬರುವಾಗ ಮತ್ತೆ ಹಣೆ ಬಡಿಸಿಕೊಂಡ.

ದೋನ್ ಎವಾರಿಸ್ತೊ ತಲೆ ಎತ್ತಿ ಟೈರಿನ ತುಂಡು ನೋಡಿದರು. “ನಿಮಗೋಸ್ಕರನೇ ಹೊಡೆದದ್ದಾ?”

“ಇನ್ಯಾರಿಗೆ!” ಚಾಗೊ ಬಾಯಿ ಹಾಕಿದ. “ದಿನಾ ಹೊಡೆಸ್ಕೋತಾನೆ ಪಾಪ. ಇವರ ವಂಶನೇ ಹಾಗೆ, ಇಪ್ಪತ್ತು ವರ್ಷದವರೆಗೂ ಬೆಳೀತಾನೇ ಇರ್ತಾರೆ.”

ಯೊಹಾಂದ್ರಿ ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತಿದ್ದ.

ದೋನ್ ಎವಾರಿಸ್ತೊ ಊಟ ಮುಗಿಸಿದರು. ಅಮ್ಮನ ಸಾರನ್ನು ಹೊಗಳಿದರು. ಬಾಯಿ ಒರೆಸಿಕೊಂಡು ಚಾಗೊನ ಕಡೆ ತಿರುಗಿದರು.

“ಹುಡುಗನ ಕೈ ತುಂಬ ಚೆನ್ನಾಗಿದೆ. ಆದರೆ ನನಗೆ ಆಗೋದಿಲ್ಲ.”

“ಯಾಕೆ?”

“ಇವರನ್ನ ನೋಡಿ. ಇನ್ನು ನಾಕು ವರ್ಷಕ್ಕೆ ಹುಡುಗ ಹೀಗಾಗ್ತಾನೆ. ಇಷ್ಟು ದೊಡ್ಡ ಮೈ ಇಟ್ಕೊಂಡು ಶಾರ್ಟ್‌ಸ್ಟಾಪಲ್ಲಿ ಅಷ್ಟು ಕೆಳಗೆ ಬಾಗೋಕಾಗಲ್ಲ, ಮೂರನೇ ಬೇಸಿಗೆ ತಳ್ತಾರೆ. ಮೂರನೇ ಬೇಸಲ್ಲಿ ನಿಲ್ಲೋನು ಚೆಂಡನ್ನ ಬೇಲಿ ದಾಟಿಸ್ಬೇಕು. ಇವನ ಬ್ಯಾಟು ಅಂಥದ್ದಲ್ಲ. ಹೀಗೇ ಸಣ್ಣಗೆ ಉಳೀತಾನೆ ಅಂತಿದ್ರೆ ಇವತ್ತೇ ಕರ್ಕೊಂಡು ಹೋಗ್ತಿದ್ದೆ.”

ಸೆಕುಂದಿನೊ ಕೋಳಿಯ ಮೂಳೆಯನ್ನು ಬಾಯಿಂದ ತೆಗೆದು ತಟ್ಟೆಯಲ್ಲಿಟ್ಟ, ಕೂತಲ್ಲೇ ಭುಜ ಕುಗ್ಗಿಸಿ ಚಿಕ್ಕದಾಗಿ ಕಾಣಲು ನೋಡಿದ.

“ಇವರು ನಮ್ಮಪ್ಪ ಅಲ್ಲ,” ಅಂದ ಯೊಹಾಂದ್ರಿ. “ನಮ್ಮಪ್ಪ ಮೂಲೆ ಅಂಗಡೀಲಿದಾರೆ.”

ಚಾಗೊ ಕಣ್ಣು ಮುಚ್ಚಿಕೊಂಡ. ದೋನ್ ಎವಾರಿಸ್ತೊ ಅಮ್ಮನನ್ನು ನೋಡಿದರು. ಅಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೌಟು ಹಿಡಿದುಕೊಂಡಳು. “ಇವನನ್ನ ಇವತ್ತು ಬೆಳಿಗ್ಗೆ ತಂದದ್ದು ದೋನ್,” ಅಂದಳು. “ಬೇಕಾದ್ರೆ ವಾಪಸ್ ಕೊಡ್ತೀನಿ.”

ಅವರು ನಗಲಿಲ್ಲ. “ಹೋಗಮ್ಮ,” ನನಗೆ ಹೇಳಿದರು, “ಅವರನ್ನ ಕರ್ಕೊಂಡು ಬಾ.”

ಅಂಗಡಿಯ ಮುಂದಿನ ಮರದ ಕೆಳಗೆ ಅಪ್ಪ ಡೊಮಿನೊ ಆಡುತ್ತಿದ್ದ. ನಾನು ಓಡಿಬಂದದ್ದನ್ನು ನೋಡಿಯೂ ಕೈಯಲ್ಲಿದ್ದ ಕಾಯಿ ಇಟ್ಟು, ಮುಂದಿನವನು ಆಡಲಿ ಎಂದು ಕಾದ. ನಾನು ಎಲ್ಲ ಹೇಳಿದೆ.

“ಓಹೋ. ಈಗ ಕುಳ್ಳ ಬೇಕಂತಾ?”

“ಅಪ್ಪ, ಬಾ.”

“ಬೆಳಿಗ್ಗೆ ಬೇಡ ಆಗಿತ್ತು.”

“ಹೋಗಯ್ಯಾ ಎಲಿಹಿಯೊ,” ಎದುರಿಗೆ ಕೂತವನು ಅಂದ. “ಜೀವಮಾನದಲ್ಲಿ ಮೊದಲ್ನೇ ಸಲ ನಿನ್ನ ಎತ್ತರಕ್ಕೊಂದು ಗಿರಾಕಿ ಬಂದಿದೆ.”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. “ಯೊಹಾಂದ್ರಿ ಏನಂದ?” ಕೇಳಿದ.

“ಅವನೇ ಹೇಳಿದ್ದು. ಇವರು ನಮ್ಮಪ್ಪ ಅಲ್ಲ ಅಂತ.”

ಅಪ್ಪ ಉಳಿದ ಕಾಯಿಗಳನ್ನು ಬೋರಲು ಹಾಕಿ ಎದ್ದ.

ಮನೆಯ ಬಾಗಿಲಲ್ಲಿ ಅವನು ಬಾಗಲಿಲ್ಲ, ಬಾಗುವ ಅಗತ್ಯವೇ ಇರಲಿಲ್ಲ. ಟೈರಿಗೂ ಅವನ ತಲೆಗೂ ನಡುವೆ ಅರ್ಧ ಗೇಣಿನಷ್ಟು ಜಾಗ. ಚಾಗೊನ ಮುಖ ಅರಳಿತು. ಸೆಕುಂದಿನೊ ಎದ್ದು ಕುರ್ಚಿ ಬಿಟ್ಟುಕೊಟ್ಟು, ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದ.

ದೋನ್ ಎವಾರಿಸ್ತೊ ಅಪ್ಪನ ಕೈ ಹಿಡಿದು ಮಣಿಕಟ್ಟು ನೋಡಿದರು, ಪಾದ ನೋಡಿದರು, ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಇಬ್ಬರ ಕಿವಿ ಒಂದೇ. ಒಂದೇ ಥರ ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ.

“ಇವರೇ,” ಅಂದರು. ಪುಸ್ತಕ ತೆರೆದರು. ಬರೆಯಲು ಹೋಗಿ ತಲೆ ಎತ್ತಿ ಬಾಗಿಲ ಕಡೆ ನೋಡಿದರು. “ಹಾಗಿದ್ರೆ ಆ ಟೈರು ಯಾರ ತಲೆಗೆ?”

“ಅದಾ? ಗಾಳಿಗೆ ಬಾಗಿಲು ಸದ್ದು ಮಾಡುತ್ತೆ ಅಂತ,” ಚಾಗೊ ಥಟ್ಟನೆ ಅಂದ. “ಅಲ್ವಾ ಎಲಿಹಿಯೊ?”

ಅಪ್ಪ ನನ್ನ ತಮ್ಮನನ್ನು ನೋಡಿದ. ಅಲ್ಲ ಅಂದರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೂಂ ಅನ್ನುವುದು ಸುಲಭ. ತಲೆಯಾಡಿಸಿದರೂ ಸಾಕಿತ್ತು. ಅಮ್ಮ ಸೌಟು ಕೆಳಗಿಟ್ಟಳು.

“ನಮ್ಮಪ್ಪನ ತಲೆಗೆ,” ಅಂದ ಅಪ್ಪ. “ಗಿರಣೀಲಿ ಕಬ್ಬಿನ ಗಾಡಿ ನೋಡ್ಕೋತಿದ್ರು. ಈಗ ಕೂತಿದ್ನಲ್ಲ ಅವನಷ್ಟೇ ಇದ್ರು, ಇನ್ನೂ ಸ್ವಲ್ಪ ಜಾಸ್ತಿನೇ. ದಿನಾ ಕೆಲಸದಿಂದ ಬಂದು ತಲೆ ಹೊಡೆಸ್ಕೊಳ್ಳೋರು. ಟೈರು ಹೊಡೆದೋನು ನಾನೇ, ಸ್ಟೂಲ್ ಹಾಕ್ಕೊಂಡು. ನಾನು ನಮ್ಮಮ್ಮನ ಹಾಗೆ.”

“ಎಲಿಹಿಯೊ!” ಚಾಗೊ ನರಳಿದ.

“ಬೆಳಿಗ್ಗೆ ನನ್ನನ್ನ ಇಲ್ಲ ಅನ್ನಿಸಿದ್ರಿ. ಸುಮ್ಮನಿದ್ದೆ. ಅವರನ್ನ ಇಲ್ಲ ಅನ್ನಲ್ಲ.” ದನಿ ಎತ್ತರಿಸಲಿಲ್ಲ. “ಹುಡುಗ ಅವರ ಹಾಗೆ ಆಗಬಹುದು ದೋನ್, ನನ್ನ ಹಾಗೂ ಆಗಬಹುದು. ನನಗೆ ಗೊತ್ತಿಲ್ಲ.”

ದೋನ್ ಎವಾರಿಸ್ತೊ ಪೆನ್ನಿಗೆ ಮುಚ್ಚಳ ಹಾಕಿದರು. ಹಿತ್ತಲಿಂದ ಸೆಕುಂದಿನೊ ತಟ್ಟೆ ಕೆರೆಯುವ ಸದ್ದು.

“ಚೆಂಡಿಗೆ ಮೊದಲೇ ಹತ್ತಿರ ಹೋಗೋದನ್ನ ಇವನಿಗೆ ಯಾರು ಕಲಿಸಿದ್ದು? ಚಾಗೊನ ಬೇರೆ ಹುಡುಗರು ಹಾಗೆ ಮಾಡೋದಿಲ್ಲ.”

“ಈ ಓಣೀಲಿ,” ಅಪ್ಪ ಕೈ ತೋರಿಸಿದ. “ಸಂಜೆ ನಾನು ಉರುಳಿಸ್ತಿದ್ದೆ. ಕಾಯ್ತಾ ನಿಂತ್ರೆ ಕಲ್ಲಿಗೆ ಪುಟಿದು ಬಾಯಿಗೇ ಹೊಡಿಯೋದು. ಒಂದು ಹಲ್ಲು ಹೋಯ್ತು. ಆಮೇಲೆ ಕಾಯೋದು ಬಿಟ್ಟ.”

ತಮ್ಮ ತುಟಿ ಎತ್ತಿ ಹಲ್ಲು ತೋರಿಸಿದ. ಆಗ ಅವರು ನಕ್ಕರು.

“ನನಗೂ ಗೊತ್ತಿಲ್ಲ,” ಅಂದರು, ಪುಸ್ತಕ ಮುಚ್ಚುತ್ತ. “ಸಹಿ ಇವತ್ತಿಲ್ಲ. ಸೋಮವಾರ ನಮ್ಮ ಕ್ಯಾಂಪಿಗೆ ಬರಲಿ, ಒಂದು ತಿಂಗಳು ಇರಲಿ. ಅಲ್ಲಿಯವರೂ ನೋಡ್ಲಿ. ಬೆಳೆದ್ರೆ ಬೆಳೆದ, ಆವಾಗ ನೋಡೋಣ.” ಬಾಗಿಲ ಹತ್ತಿರ ನಿಂತು ಚಾಗೊನ ಕಡೆ ಬೆರಳು ಮಾಡಿದರು. “ನೀನು ಬರ್ಬೇಡ. ಇವರು ಕರ್ಕೊಂಡು ಬರ್ಲಿ.”

ಕಾರು ಹೋದ ಮೇಲೆ ಚಾಗೊ ಮೆಟ್ಟಿಲ ಮೇಲೆ ಕೂತು ತನಗೇ ತಾನೇ ಬೈದುಕೊಂಡ, ಅಪ್ಪನಿಗೂ ಬೈದ, ಕೊನೆಗೆ ಅಮ್ಮ ಕೊಟ್ಟ ಅನ್ನ ತಿಂದ. ಸೆಕುಂದಿನೊ ನಮ್ಮ ಫ್ರಿಜ್ಜಿನ ಹಿಂದೆ ಕಿವಿಯಿಟ್ಟು ಕೇಳಿ, “ಇದು ಇನ್ನು ಜಾಸ್ತಿ ದಿನ ಬಾಳಲ್ಲ,” ಅಂದು, ಈ ಸಲ ನೆನಪಿಟ್ಟು ಬಾಗಿ ಹೋದ.

ಅಪ್ಪ ತನ್ನ ಕುರ್ಚಿಯಲ್ಲಿ ಕೂತ. ಯೊಹಾಂದ್ರಿ ಎದುರಿಗೆ ಬಂದು ನಿಂತು, ಯಾರೂ ಕೇಳದೆಯೇ ಒಂದು ಕಾಲನ್ನು ಮುಂದಿಟ್ಟ. ಅಪ್ಪ ಬಗ್ಗಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ.

“ಬಿಗಿ ಆಗಿದ್ಯಾ?”

“ಹೂಂ.”

“ಯಾವಾಗಿಂದ?”

“ಈಸ್ಟರ್ ಹಬ್ಬದಿಂದ. ಮೂರು ತಿಂಗಳಾಯ್ತು.”

ಅಪ್ಪ ಲೇಸು ಬಿಚ್ಚಿ, ಮೊದಲ ತೂತಿನಿಂದ ಶುರುಮಾಡಿ, ಸಡಿಲವಾಗಿ ಮತ್ತೆ ಕಟ್ಟತೊಡಗಿದ.