ಶೇಂಗಾ ಚಟ್ನಿಯ ತಳದಲ್ಲಿ

ನಾನು ಒಂದು ಸ್ಟೀಲ್ ಡಬ್ಬಿ. ತಗಡಾಗಿ ಬಿದ್ದಿದ್ದ ನನ್ನನ್ನು ಕಾರ್ಖಾನೆಯ ಯಂತ್ರವೊಂದು ಒಂದೇ ಗುದ್ದಿಗೆ ಡಬ್ಬಿ ಮಾಡಿತು. ಹುಟ್ಟಿದ್ದೇ ಗುದ್ದು ತಿಂದು, ಹಾಗಾಗಿ ನನ್ನ ಮಾತು ಸ್ವಲ್ಪ ಒರಟು. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಬಾಗಲಕೋಟೆಯ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವಳು ಬಾದಾಮಿಯ ನೀಲವ್ವ. ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ನೋಡಿ, "ಹೆಸರು ಹಾಕಿ ಕೊಡ್ರಿ" ಎಂದಳು. ಅಂಗಡಿಯವನು ಗುರ್ ಎನ್ನುವ ಸೂಜಿ ಹಿಡಿದು ನನ್ನ ಹೊಟ್ಟೆಯ ಮೇಲೆ ಕೊರೆದ: ನೀಲವ್ವ ರು. ಮುಗಳಿ, ಬಾದಾಮಿ. ನೋವಾಯಿತು, ನಿಜ. ಆದರೆ ಹೆಸರಿಲ್ಲದ ಡಬ್ಬಿಗಳ ನಡುವೆ ಅಂದಿನಿಂದ ನನಗೊಂದು ಗತ್ತು ಬಂತು.

ನನ್ನೊಳಗೆ ಶೇಂಗಾ ಚಟ್ನಿ ಇರುತ್ತಿತ್ತು. ಚಟ್ನಿಯ ತಳದಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನೀಲವ್ವನ ಬೆಂಡೋಲೆ ಇರುತ್ತಿತ್ತು. "ಕಳ್ಳ ಕಪಾಟು ಒಡೀತಾನ, ಖಾರದ ಡಬ್ಬಿ ತೆಗಿಯಂಗಿಲ್ಲ. ಆದ್ರ ಯಾರಿಗೂ ಹೇಳಬಾರದು, ಮನಿ ಮಂದಿಗೂ" ಎಂದು ಮೊಮ್ಮಗಳು ದಾನೇಶ್ವರಿಗೆ ಮಾತ್ರ ಕಿವಿಯಲ್ಲಿ ಹೇಳಿದ್ದಳು. ಮನೆಯವರಿಗೂ ಗೊತ್ತಿಲ್ಲದ ಗುಟ್ಟು ನನ್ನ ಹೊಟ್ಟೆಯಲ್ಲಿದೆ ಎಂದು ನಾನು ಬೀಗುತ್ತಿದ್ದೆ.

ನೀಲವ್ವ ತೀರಿಕೊಂಡ ಮೇಲೆ ಬೆಂಡೋಲೆ ದಾನೇಶ್ವರಿಯ ಕಿವಿ ಸೇರಿತು, ಅವಳು ಎಂ.ಎಸ್. ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಳು. ನಾನೂ ಅವಳ ಜೊತೆ ವಿಮಾನ ಹತ್ತಿದೆ. ಅಲ್ಲಿ ಅವಳಿಗೆ ಇಬ್ಬರು ಗೆಳತಿಯರಾದರು. ಮಂಗಳೂರಿನ ಜೋಯ್ಲಿನ್, ಶಿವಮೊಗ್ಗದ ಅಫ್ರೀನ್. ಮೂವರದೂ ಒಂದೇ ಅಡುಗೆಮನೆ, ನಾನು ಮೂವರಿಗೂ ಸೇರಿದ ಡಬ್ಬಿ.

ಆ ವರ್ಷ ದಾನೇಶ್ವರಿಗೆ ಒಂದು ವಿಷಯ ಕೈ ಕೊಟ್ಟಿತ್ತು. ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ತಪ್ಪಿದರೆ ಕೋರ್ಸಿನಿಂದಲೇ ಹೊರಗೆ, ಅದು ಅಲ್ಲಿಯ ನಿಯಮ. ಆ ಮೂರನೆಯ ಪರೀಕ್ಷೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕಿತ್ತು. ಓದಿ ಓದಿ ಅವಳ ಮುಖ ಬಾಡಿದ್ದನ್ನು ನೋಡಲಾಗದೆ ಗೆಳತಿಯರು ಶನಿವಾರ, ಭಾನುವಾರ ಗಡಿಯಾಚೆಯ ಪ್ರಾಗ್‌ಗೆ ಎಳೆದುಕೊಂಡು ಹೋದರು. ರೈಲಿನಲ್ಲಿ ಎರಡೂವರೆ ತಾಸಿನ ದಾರಿ. ಅವಳು ನೋಟ್ಸನ್ನೂ ಹೊತ್ತುಕೊಂಡೇ ಬಂದಳು.

ಪ್ರಾಗ್‌ನ ಟ್ರಾಮಿನಲ್ಲಿ 'ಜೇಬುಗಳ್ಳರಿದ್ದಾರೆ, ಎಚ್ಚರ' ಎಂಬ ಚಿತ್ರದ ಫಲಕ ಕಂಡಿದ್ದೇ ತಡ, ದಾನೇಶ್ವರಿಗೆ ಅಜ್ಜಿ ನೆನಪಾದಳು. ಜರ್ಮನಿಯಲ್ಲಿ ಇರಲು ಕೊಟ್ಟಿದ್ದ ಪರ್ಮಿಟ್ ಕಾರ್ಡನ್ನು ಯಾರೂ ಇಲ್ಲದಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ತಳಕ್ಕೆ ತುರುಕಿ, ಮೇಲೆ ಚಟ್ನಿ ಮುಚ್ಚಿದಳು. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಎಂದೋ ಮುಗಿದಿತ್ತು. ಗಡಿ ದಾಟುವಾಗ ಪೊಲೀಸರು ಕೇಳಿದರೆ ತೋರಿಸಲು ಆ ಕಾರ್ಡೊಂದೇ ದಿಕ್ಕು. ಗೆಳತಿಯರಿಗೆ ಅವಳು ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ದಾನೇಶ್ವರಿ ಮತ್ತು ಅಫ್ರೀನ್ ಗಡಿಯಾರದ ಗೋಪುರ ಹತ್ತಲು ಹೋದರು. ಎತ್ತರವೆಂದರೆ ತಲೆ ಸುತ್ತುವ ಜೋಯ್ಲಿನ್ ಕೆಳಗೆ ಬೆಂಚಿನ ಮೇಲೆ ಚೀಲಗಳನ್ನು ಕಾಯುತ್ತ ಕುಳಿತಳು. ಪಕ್ಕದಲ್ಲಿ ಕನ್ನಡ ಕೇಳಿಸಿತು. ತಿಪಟೂರಿನ ಪುಟ್ಟಗೌರಮ್ಮ, ಅರವತ್ತೈದು ದಾಟಿದವರು, ಪ್ಯಾಕೇಜ್ ಟೂರಿನಲ್ಲಿ ಬಂದಿದ್ದರು.

"ನಾಕು ದಿನದಿಂದ ಬರೀ ಬ್ರೆಡ್ಡು ಕಣಮ್ಮ. ನಾಲಗೆ ಸತ್ತೇ ಹೋಗೈತೆ. ಶುಗರ್ ಮಾತ್ರೆ ನುಂಗೋಕೂ ಏನಾದ್ರೂ ತಿನ್ಬೇಕಲ್ಲ" ಎಂದರು.

ಜೋಯ್ಲಿನ್ ಮೆತ್ತನೆ ಕರುಳಿನ ಹುಡುಗಿ. ನನ್ನ ಮುಚ್ಚಳ ತೆಗೆದು ಅವರ ಅಂಗೈಗೆ ಒಂದಿಷ್ಟು ಚಟ್ನಿ ಹಾಕಿದಳು. ಬಾಯಿಗೆ ಹಾಕಿಕೊಂಡ ಅಮ್ಮನ ಕಣ್ಣಲ್ಲಿ ನೀರು ಬಂತು.

"ಡಬ್ಬಿ ಸಮೇತ ಇಟ್ಕೊಳ್ಳಿ ಆಂಟಿ. ರೂಮಿಗೆ ಹೋದ್ರೆ ಇನ್ನೂ ಚಟ್ನಿ ಉಂಟು. ದಾನೇಶ್ವರಿ ಎಂತ ಹೇಳುದಿಲ್ಲ."

ನನಗೆ ಬಾಯಿ ಇದ್ದಿದ್ದರೆ ಅಂದು ಆ ಚೌಕವೇ ಹಾರಿಹೋಗುವಂತೆ ಕೂಗುತ್ತಿದ್ದೆ. ಇರುವುದೊಂದು ಮುಚ್ಚಳ, ಅದನ್ನೂ ಪುಟ್ಟಗೌರಮ್ಮ ಬಿಗಿಯಾಗಿ ಒತ್ತಿದರು. ಹತ್ತು ನಿಮಿಷದಲ್ಲಿ ನಾನು ವಿಯೆನ್ನಾಕ್ಕೆ ಹೊರಟ ಬಸ್ಸಿನಲ್ಲಿದ್ದೆ.

ಬಸ್ಸು ಊರು ದಾಟಿತು. ದಾನೇಶ್ವರಿಯ ರೈಲು ನಾಲ್ಕೂವರೆಗೆ. ಈಗ ಎರಡೂವರೆ.

ಪುಟ್ಟಗೌರಮ್ಮ ಬ್ರೆಡ್ಡಿಗೆ ಚಟ್ನಿ ಉದುರಿಸಿದರು. ವಾಸನೆ ಹರಡಿತು. ಮುಂದಿನ ಸೀಟಿನವರು ತಿರುಗಿದರು, ಪಕ್ಕದವರು ಕೈ ಚಾಚಿದರು. ಚಟ್ನಿ ಕಂಡ ಕನ್ನಡದ ಬಸ್ಸು ಸುಮ್ಮನಿರುತ್ತದೆಯೇ? ಮಡಿಲಿಂದ ಮಡಿಲಿಗೆ ನಾನು ಹೋದೆ. ತಿನ್ನಿ ತಾಯಂದಿರಾ, ಬೇಗ ತಿನ್ನಿ, ತಳ ಕಾಣುವ ತನಕ ತಿನ್ನಿ ಎಂದು ಒಳಗೊಳಗೇ ಬೇಡಿಕೊಂಡೆ. ಇನ್ನೆರಡು ಚಮಚ ಉಳಿದಾಗ ಪುಟ್ಟಗೌರಮ್ಮ, "ಸಾಕು, ರಾತ್ರಿಗೂ ಇರ್ಲಿ" ಎಂದು ಕಿತ್ತುಕೊಂಡು ಮುಚ್ಚಿಬಿಟ್ಟರು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಗ ಹಿಂದಿನ ಸೀಟಿನಿಂದ ಗುಬ್ಬಿಯ ಚನ್ನವೀರಯ್ಯ ಎದ್ದರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು, ಹೊರಟಾಗಿನಿಂದ ಎಲ್ಲದಕ್ಕೂ ಗೊಣಗುತ್ತಿದ್ದವರು.

"ಎಲ್ರಿಗೂ ಕೊಟ್ರಿ. ನಾನೇನು ಟಿಕೀಟು ಇಲ್ದೆ ಬಂದಿದೀನಾ?"

ಅವರ ಕೈಗೆ ನಾನು ಸಿಕ್ಕಿದೆ. ದೇವರು ಅವರ ಹೊಟ್ಟೆ ತಣ್ಣಗಿಟ್ಟಿರಲಿ, ಅವರು ಚಮಚದಿಂದ ತಳವನ್ನೇ ಕೆರೆದರು. ಪ್ಲಾಸ್ಟಿಕ್ ಹಾಳೆ ಮೇಲೆ ಬಂತು. ಬಿಡಿಸಿದರೆ ಒಳಗೆ ಕಾರ್ಡು, ಕಾರ್ಡಿನಲ್ಲಿ ಹುಡುಗಿಯ ಫೋಟೊ.

ಟೂರಿನ ಮ್ಯಾನೇಜರ್ ನೋಡಿದ. "ಇದಿಲ್ದೆ ಆ ಹುಡುಗಿ ಗಡಿ ದಾಟೋದು ಕಷ್ಟ. ವಿಯೆನ್ನಾದಿಂದ ಪೋಸ್ಟ್ ಮಾಡೋಣ, ನಾಲ್ಕೈದು ದಿನದಲ್ಲಿ ಸಿಗುತ್ತೆ."

"ಅಲ್ಲೀವರೆಗೂ ಅವಳೇನು ರಸ್ತೇಲಿ ಕೂತಿರ್ಬೇಕಾ?" ಎಂದರು ಪುಟ್ಟಗೌರಮ್ಮ. ಜೋಯ್ಲಿನ್‌ಳ ನಂಬರ್ ಕೇಳದೆ ಬಂದದ್ದಕ್ಕೆ ಹಣೆ ಚಚ್ಚಿಕೊಂಡರು.

ಚಾಲಕ ಬಸ್ಸು ತಿರುಗಿಸಲು ಒಪ್ಪಲಿಲ್ಲ. ಆದರೆ ಮಧ್ಯದಲ್ಲಿ ತೆಗೆದುಕೊಳ್ಳಲೇಬೇಕಾದ ನಲವತ್ತೈದು ನಿಮಿಷದ ವಿಶ್ರಾಂತಿಯನ್ನು ಈಗಲೇ ತೆಗೆದುಕೊಳ್ಳುತ್ತೇನೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ ಎಂದು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿದ. ಅಷ್ಟರಲ್ಲಿ ಚನ್ನವೀರಯ್ಯನವರು ಕನ್ನಡಕ ಏರಿಸಿಕೊಂಡು ನನ್ನ ಹೊಟ್ಟೆಯ ಮೇಲಿನ ಹೆಸರು ಓದಿದರು.

"ಬಾದಾಮಿ ಮುಗಳಿ. ನಮ್ ಬೀಗರು ಗುಳೇದಗುಡ್ಡದವರು. ಪಕ್ಕದ ಊರೇ ಅಲ್ವಾ?"

ಫೋನ್ ಹಚ್ಚಿದರು. ಬೀಗರೆಂದರೆ ಬೀಗರು. "ಯಾವಾಗ ಬರ್ತೀರಿ? ಅಲ್ಲೆ ಥಂಡಿ ಭಾಳ ಐತೇನ್ರಿ? ಊಟದ್ದು ಹ್ಯಾಂಗ?" ಎಂದು ಕೇಳುವುದರಲ್ಲೇ ನಾಲ್ಕು ನಿಮಿಷ ಹೋಯಿತು. ವಿಷಯ ತಿಳಿದ ಮೇಲೆ ಮಾತ್ರ ಅವರು ತಡ ಮಾಡಲಿಲ್ಲ. ಬಾದಾಮಿಯಲ್ಲಿ ಅರಿವೆ ಅಂಗಡಿ ಇಟ್ಟ ತಮ್ಮ ಭಾವನಿಗೆ ಹೇಳಿದರು. ಆ ಭಾವ ಅಂಗಡಿ ಬಿಟ್ಟು ಮುಗಳಿಯವರ ಮನೆಗೇ ಓಡಿದ. ದಾನೇಶ್ವರಿಯ ತಾಯಿ ಮಗಳಿಗೆ ಫೋನ್ ಮಾಡಿ ಬಂಕಿನ ಗುರುತು ಹೇಳಿದಳು. ಇಷ್ಟಾಗುವಾಗ ಹದಿನಾರು ನಿಮಿಷ ಕಳೆದಿತ್ತು.

ಅತ್ತ ಚೌಕದಲ್ಲಿ ಏನು ನಡೆದಿತ್ತೆಂದು ಅಫ್ರೀನ್ ಬಾಯಲ್ಲಿ ಆಮೇಲೆ ಕೇಳಿದೆ. ಗೋಪುರ ಇಳಿದು ಬಂದ ದಾನೇಶ್ವರಿ ಚೀಲ ತಡಕಿ ಕಲ್ಲಿನ ಮೇಲೆ ಕುಸಿದಿದ್ದಳಂತೆ. "ಯಾರನ್ನ ಕೇಳಿ ಕೊಟ್ಟಿ? ನಿನ್ನ ಮಾರಿ ತೋರಸಬ್ಯಾಡ ನನಗ" ಎಂದಿದ್ದಳಂತೆ. ಜೋಯ್ಲಿನ್ ಬಸ್ಸು ಹೋದ ದಾರಿಯಲ್ಲಿ ಅಳುತ್ತ ಓಡಿದ್ದಳಂತೆ.

ಬಂಕಿನಲ್ಲಿ ಮ್ಯಾನೇಜರ್ ಗಡಿಯಾರ ನೋಡಿ ಸುಸ್ತಾದ. ನಲವತ್ತು ನಿಮಿಷ. ನಲವತ್ತೆರಡು. ಚಾಲಕ ಸೀಟಿಗೆ ಹತ್ತಿದ. ಪುಟ್ಟಗೌರಮ್ಮ ನನ್ನನ್ನು ಎದೆಗವಚಿಕೊಂಡು ಬಸ್ಸಿನ ಮೂತಿಗೇ ಬಂದು ನಿಂತುಬಿಟ್ಟರು. ಚನ್ನವೀರಯ್ಯ ಅವರ ಪಕ್ಕ ನಿಂತರು. ಆಗ ಟ್ಯಾಕ್ಸಿಯೊಂದು ಒಳಗೆ ತಿರುಗಿತು. ದಾರಿಯಲ್ಲಿ ಸಿಕ್ಕ ಜೋಯ್ಲಿನ್‌ಳನ್ನೂ ಹತ್ತಿಸಿಕೊಂಡು ಮೂವರೂ ಬಂದಿದ್ದರು.

ದಾನೇಶ್ವರಿ ಕಾರ್ಡನ್ನೂ ನನ್ನನ್ನೂ ಕೈಗೆ ತೆಗೆದುಕೊಂಡಳು. ಪುಟ್ಟಗೌರಮ್ಮನ ಕಾಲಿಗೆ ಬಿದ್ದಳು. ಬಸ್ಸು ಹೋಯಿತು. ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಜೋಯ್ಲಿನ್ ಮೆಲ್ಲಗೆ ಕೇಳಿದಳು.

"ಕಳ್ಳರಿಂದ ಅಡಗಿಸಿದ್ದು ಸರಿ. ನಮ್ಮಿಂದ ಯಾಕೆ ಅಡಗಿಸಿದ್ದು?"

ದಾನೇಶ್ವರಿ ನನ್ನ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದಳು. ನನ್ನ ಇಡೀ ಬಾಳಿನ ಹೆಮ್ಮೆಯ ಮೇಲೆ ಯಾರೋ ಮತ್ತೆ ಸೂಜಿ ಇಟ್ಟ ಹಾಗಾಯಿತು.

ರೈಲು ಹೊರಡಲು ಎರಡು ನಿಮಿಷ ಇರುವಾಗ ಹತ್ತಿದರು. ಗಡಿ ಹತ್ತಿರ ಬಂದಾಗ ದಾನೇಶ್ವರಿ ಕಾರ್ಡನ್ನು ಜೋಯ್ಲಿನ್ ಕಡೆ ಚಾಚಿದಳು.

"ನಿನ್ನ ಹತ್ರ ಇರ್ಲಿ. ನಾ ಅಂದಿದ್ದು ತಪ್ಪಾತು."

ಜೋಯ್ಲಿನ್ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಆಮೇಲೆ ತೆಗೆದುಕೊಂಡು ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಪೊಲೀಸರು ಬಂದರು. ಪಾಸ್‌ಪೋರ್ಟ್ ತಿರುವಿ, ಹಳೆಯ ವೀಸಾ ನೋಡಿ ಹುಬ್ಬೇರಿಸಿದರು. ದಾನೇಶ್ವರಿ ಗಾಬರಿಯಾಗಲಿಲ್ಲ, ಜೋಯ್ಲಿನ್ ಕಡೆ ಕೈ ತೋರಿಸಿದಳು. ಕಾರ್ಡು ಕೈಗೆ ಬಂದಾಗ ಪೊಲೀಸಿನವನು ಎರಡು ಸಲ ಮೂಸಿದ. ಬೆಳ್ಳುಳ್ಳಿ, ಖಾರ. ವಾಪಸ್ ಕೊಟ್ಟು ಮುಂದೆ ಹೋದ.

ಪರೀಕ್ಷೆ ಪಾಸಾಯಿತು. ಓದು ಮುಗಿಸಿ ಊರಿಗೆ ಹೊರಟಾಗ ದಾನೇಶ್ವರಿ ನನ್ನನ್ನು ಜೋಯ್ಲಿನ್‌ಗೆ ಕೊಟ್ಟುಹೋದಳು. ಈಗ ನನ್ನ ಅಂಚು ನೆಗ್ಗಿದೆ, ಮುಚ್ಚಳ ಸಡಿಲವಾಗಿದೆ. ಜೋಯ್ಲಿನ್‌ಳ ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ಕುಳಿತಿದ್ದೇನೆ. ಮನುಷ್ಯರು ಮನುಷ್ಯರಿಗೆ ಹೇಳಬೇಕಾದ್ದನ್ನು ಇಷ್ಟು ವರ್ಷ ನಾನು ಹೊತ್ತುಕೊಂಡಿದ್ದೆನಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಈಗ ನನ್ನೊಳಗೆ ಚಟ್ನಿ ಬಿಟ್ಟು ಬೇರೇನೂ ಇಲ್ಲ. ಮನೆಗೆ ಬಂದವರು ಯಾರನ್ನೂ ಕೇಳದೆ ಮುಚ್ಚಳ ತೆಗೆಯುತ್ತಾರೆ.